ಹಳೆಯ ಕಾರಿನ ವಿದ್ಯುತ್ ಕೈಕೊಟ್ಟಾಗ

ಜುಲೈ ತಿಂಗಳ ಒಂದು ರಾತ್ರಿ. ಆಗುಂಬೆ ಘಾಟಿ ಇಳಿದು ನೀವು ಉಡುಪಿಯತ್ತ ಹೊರಟಿದ್ದೀರಿ ಎಂದುಕೊಳ್ಳಿ. ನಿಮ್ಮದು ಇಪ್ಪತ್ತು ವರ್ಷ ಹಳೆಯ ಸಣ್ಣ ಕಾರು. ಜಡಿಮಳೆ ಸುರಿಯುತ್ತಿದೆ. ಹೆಡ್‌ಲೈಟ್ ಉರಿಯುತ್ತಿದೆ, ವೈಪರ್ ಆಡುತ್ತಿದೆ, ಗಾಜಿಗೆ ಕಟ್ಟಿದ ಮಂಜನ್ನು ಬಿಡಿಸಲು ಬ್ಲೋವರ್ ತಿರುಗುತ್ತಿದೆ. ಒಂದು ತಿರುವಿನಲ್ಲಿ ಚಕ್ರ ಗುಂಡಿಗೆ ಇಳಿದು ಎದ್ದಿತು. ಅಷ್ಟೇ, ದೀಪ ಆರಿತು, ವೈಪರ್ ನಿಂತಿತು, ಎಂಜಿನ್ನೂ ನಿಂತಿತು. ಸುತ್ತ ಕಗ್ಗತ್ತಲೆ.

ಹೇಗೋ ಕಾರನ್ನು ಬದಿಗೆ ನಿಲ್ಲಿಸಿ ಹತ್ತು ನಿಮಿಷ ಕಳೆದ ಮೇಲೆ ಕೀ ತಿರುಗಿಸುತ್ತೀರಿ. ಆಶ್ಚರ್ಯವೆಂಬಂತೆ ಎಲ್ಲವೂ ಸರಿಯಾಗಿದೆ! ಮರುದಿನ ಗ್ಯಾರೇಜಿನಲ್ಲಿ 'ಬ್ಯಾಟರಿ ಹೋಗಿದೆ' ಎಂಬ ತೀರ್ಪು ಬರುತ್ತದೆ. ಹೊಸ ಬ್ಯಾಟರಿ ಹಾಕಿಸುತ್ತೀರಿ. ವಾರ ಕಳೆದ ಮೇಲೆ ಮತ್ತೆ ಅದೇ ಕಥೆ. ಈ ಸಲ 'ಡೈನಮೊ' ಬದಲಾಗುತ್ತದೆ. ಮೂರನೆಯ ಸಲವೂ ಕಾರು ನಿಂತಾಗ, ಸಾವಿರಾರು ರೂಪಾಯಿ ಖರ್ಚಾಗಿದ್ದರೂ ದೋಷ ಎಲ್ಲಿತ್ತೋ ಅಲ್ಲೇ ಉಳಿದಿರುತ್ತದೆ.

ಹೀಗಾಗುವುದೇಕೆ? ಹಳೆಯ ಕಾರುಗಳಲ್ಲಿ ಹಠಾತ್ತನೆ ಕಾಣಿಸಿಕೊಳ್ಳುವ ವಿದ್ಯುತ್ ದೋಷಗಳಲ್ಲಿ ಹಲವು ಇರುವುದು ಬ್ಯಾಟರಿ, ಮೋಟಾರು, ಬಲ್ಬುಗಳಂತಹ ಭಾಗಗಳಲ್ಲಲ್ಲ. ಅವುಗಳನ್ನು ಜೋಡಿಸುವ ದಾರಿಯಲ್ಲಿ. ಭಾಗಗಳನ್ನು ಒಂದೊಂದಾಗಿ ಬದಲಿಸುತ್ತ ಹೋದರೆ ದಾರಿಯ ದೋಷ ಸಿಗುವುದಿಲ್ಲ. ಆದರೆ ಹೈಸ್ಕೂಲಿನಲ್ಲಿ ಕಲಿತ ಓಮನ ನಿಯಮ ಮತ್ತು ಕೆಲವು ನೂರು ರೂಪಾಯಿಯ ಒಂದು ಮಲ್ಟಿಮೀಟರ್ ಇದ್ದರೆ ಅದನ್ನು ನಾವೇ ಕಂಡುಹಿಡಿಯಬಹುದು. ಹೇಗೆಂದು ನೋಡೋಣ.

ಕಾರಿನೊಳಗಿನ ವಿದ್ಯುತ್ ದಾರಿ

ಕಾರಿನ ಬ್ಯಾಟರಿಯಲ್ಲಿ ಸೀಸ-ಆಮ್ಲದ ಆರು ಕೋಶಗಳು ಸರಣಿಯಲ್ಲಿರುತ್ತವೆ. ಪ್ರತಿ ಕೋಶದ ವಿಭವಾಂತರ ಸುಮಾರು 2.1 ವೋಲ್ಟ್. ಆದ್ದರಿಂದ '12 ವೋಲ್ಟ್ ಬ್ಯಾಟರಿ' ಎಂದು ನಾವು ಕರೆದರೂ ಪೂರ್ತಿ ಚಾರ್ಜ್ ಆಗಿ ವಿಶ್ರಾಂತಿಯಲ್ಲಿರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2 ವೋಲ್ಟ್ ಇದ್ದರೆ ಅರ್ಧ ಖಾಲಿ, 11.9ಕ್ಕಿಂತ ಕಡಿಮೆಯಿದ್ದರೆ ಬಹುತೇಕ ಖಾಲಿ ಎಂದು ತಿಳಿಯಬಹುದು. ಎಂಜಿನ್ ಓಡುತ್ತಿರುವಾಗ ಆಲ್ಟರ್ನೇಟರ್ ವಿದ್ಯುತ್ ಉತ್ಪಾದಿಸಿ ಬ್ಯಾಟರಿಯನ್ನು ತುಂಬಿಸುತ್ತದೆ. (ಗ್ಯಾರೇಜುಗಳಲ್ಲಿ ಇದನ್ನು ಈಗಲೂ ಡೈನಮೊ ಎಂದೇ ಕರೆಯುವ ರೂಢಿಯಿದೆ.) ಆಗ ಬ್ಯಾಟರಿಯ ತುದಿಗಳಲ್ಲಿ 13.8ರಿಂದ 14.5 ವೋಲ್ಟ್ ಕಾಣಬೇಕು.

ಬ್ಯಾಟರಿಯ ಧನಾಗ್ರದಿಂದ ಹೊರಟ ದಾರಿ ಮುಖ್ಯ ಫ್ಯೂಸು, ಕೀ ಸ್ವಿಚ್ಚು, ಫ್ಯೂಸ್ ಪೆಟ್ಟಿಗೆ, ರಿಲೇ ಮತ್ತು ಸ್ವಿಚ್ಚುಗಳನ್ನು ಹಾದು ದೀಪಕ್ಕೋ ಮೋಟಾರಿಗೋ ತಲುಪುತ್ತದೆ. ಮನೆಯಲ್ಲಾದರೆ ಹಿಂದಿರುಗಲು ಇನ್ನೊಂದು ತಂತಿ ಇರುತ್ತದೆ. ಕಾರಿನಲ್ಲಿ ಬಹುತೇಕ ಹಿಂದಿನ ದಾರಿ ಎಂದರೆ ಕಾರಿನ ಉಕ್ಕಿನ ಮೈಯೇ. ಬ್ಯಾಟರಿಯ ಋಣಾಗ್ರವನ್ನು ಒಂದು ದಪ್ಪ ತಂತಿಯಿಂದ ಮೈಗೂ ಎಂಜಿನ್ನಿಗೂ ಬಿಗಿದಿರುತ್ತಾರೆ. ಇದನ್ನು 'ಅರ್ತ್' ಎನ್ನುತ್ತಾರೆ. ಎಂಜಿನ್ ರಬ್ಬರಿನ ದಿಮ್ಮಿಗಳ ಮೇಲೆ ಕೂತಿರುವುದರಿಂದ ಅದಕ್ಕೂ ಮೈಗೂ ನಡುವೆ ಹೆಣೆದ ತಾಮ್ರದ ಪಟ್ಟಿಯೋ ದಪ್ಪ ತಂತಿಯೋ ಬೇಕೇ ಬೇಕು.

ಈ ದಾರಿಯಲ್ಲಿ ಬರುವ ಬೆಸುಗೆ, ಬೋಲ್ಟು, ಪ್ಲಗ್ಗು, ಸ್ವಿಚ್ಚಿನ ತುದಿಗಳನ್ನು ಎಣಿಸಿದರೆ ಒಂದೇ ದೀಪಕ್ಕೆ ಹತ್ತಿಪ್ಪತ್ತು ಕೂಡುಗಳು ಸಿಗುತ್ತವೆ. ಕಾರು ಹಳೆಯದಾದಂತೆ ಸವೆಯುವುದು ಈ ಕೂಡುಗಳೇ. ಅಲುಗಾಟದಿಂದ ಅವು ಸಡಿಲಗೊಳ್ಳುತ್ತವೆ. ತೇವದಿಂದ ತಾಮ್ರಕ್ಕೆ ಕಿಲುಬು, ಉಕ್ಕಿಗೆ ತುಕ್ಕು ಹಿಡಿಯುತ್ತದೆ. ಕರಾವಳಿಯ ಉಪ್ಪು ಗಾಳಿಯಲ್ಲಿ ಇನ್ನೊಂದು ತೊಂದರೆಯಿದೆ. ತಾಮ್ರ ಅಥವಾ ಹಿತ್ತಾಳೆಯ ಲಗ್ ಉಕ್ಕಿನ ಮೈಗೆ ತಗಲಿರುವಲ್ಲಿ ಉಪ್ಪುನೀರು ಸೇರಿದರೆ ಅಲ್ಲೊಂದು ಪುಟ್ಟ ವಿದ್ಯುತ್ಕೋಶವೇ ಉಂಟಾಗಿ ಉಕ್ಕು ಬೇಗ ತಿಂದುಹೋಗುತ್ತದೆ. ಬಣ್ಣ ಸರಿಯಾಗಿಯೇ ಕಾಣುತ್ತಿದ್ದರೂ ಬೋಲ್ಟಿನ ಕೆಳಗೆ ತುಕ್ಕಿನ ಪದರ ಬೆಳೆದಿರುತ್ತದೆ.

ಅಲ್ಪ ರೋಧ, ದೊಡ್ಡ ನಷ್ಟ

ಕೊಳ್ಳೆ ಹಿಡಿದ ಕೂಡಿನಲ್ಲಿ ರೋಧ ಹೆಚ್ಚುತ್ತದೆ. ಎಷ್ಟು ಹೆಚ್ಚಿದರೆ ತೊಂದರೆ? ಜರ್ಮನಿಯ ಗೇಯಾರ್ಗ್ ಸೈಮನ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದಂತೆ ಒಂದು ರೋಧದ ಎರಡು ತುದಿಗಳ ನಡುವೆ ಕಳೆದುಹೋಗುವ ವೋಲ್ಟೇಜ್ ಎಂದರೆ ಪ್ರವಾಹ ಮತ್ತು ರೋಧಗಳ ಗುಣಲಬ್ಧ. ಕಾರಿನಲ್ಲಿ ವೋಲ್ಟೇಜ್ ಕಡಿಮೆ, ಪ್ರವಾಹ ಹೆಚ್ಚು. ಆದ್ದರಿಂದ ಅಲ್ಪ ರೋಧವೂ ದೊಡ್ಡ ನಷ್ಟ ತರುತ್ತದೆ.

ಲೆಕ್ಕ ಹಾಕಿ ನೋಡಿ. 55 ವಾಟಿನ ಎರಡು ಹೆಡ್‌ಲೈಟುಗಳು ಸುಮಾರು 9 ಆಂಪಿಯರ್ ಎಳೆಯುತ್ತವೆ. ಅವುಗಳ ದಾರಿಯಲ್ಲಿ ಕೇವಲ 0.2 ಓಮ್ ಹೆಚ್ಚುವರಿ ರೋಧವಿದ್ದರೆ 1.8 ವೋಲ್ಟ್ ಅಲ್ಲೇ ನಷ್ಟ. ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹು ವೇಗವಾಗಿ ಕುಗ್ಗುತ್ತದೆ. ವೋಲ್ಟೇಜ್ ಶೇ. 10ರಷ್ಟು ಇಳಿದರೆ ಬೆಳಕು ಸುಮಾರು ಶೇ. 30ರಷ್ಟು ಇಳಿಯುತ್ತದೆ. 'ವಯಸ್ಸಾಯಿತು, ರಾತ್ರಿ ಕಣ್ಣು ಕಾಣುವುದಿಲ್ಲ' ಎಂದುಕೊಳ್ಳುವವರು ಒಮ್ಮೆ ಹೆಡ್‌ಲೈಟಿನ ಕೂಡುಗಳನ್ನೂ ನೋಡುವುದು ಒಳ್ಳೆಯದು!

ಸ್ಟಾರ್ಟರ್ ಮೋಟಾರಿನ, ಅಂದರೆ 'ಸೆಲ್ಫ್'ನ, ವಿಷಯದಲ್ಲಿ ಇದು ಇನ್ನೂ ತೀವ್ರ. ಸಣ್ಣ ಕಾರಿನ ಸೆಲ್ಫ್ ಕೂಡ 100 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. 150 ಆಂಪಿಯರ್ ಎಂದಿಟ್ಟುಕೊಂಡರೆ 0.02 ಓಮ್ ರೋಧ 3 ವೋಲ್ಟನ್ನು ನುಂಗಿಬಿಡುತ್ತದೆ. ಸೆಲ್ಫ್ 'ಟಕ್' ಎಂದು ಸುಮ್ಮನಾಗುತ್ತದೆ. ಇಷ್ಟು ಸಣ್ಣ ರೋಧವನ್ನು ಸಾಮಾನ್ಯ ಮಲ್ಟಿಮೀಟರಿನ ಓಮ್ ಅಳತೆಯಲ್ಲಿ ನೋಡಲು ಸಾಧ್ಯವೇ ಇಲ್ಲ.

ವೋಲ್ಟೇಜ್ ನಷ್ಟದ ಜೊತೆಗೆ ಶಾಖವೂ ಉಂಟು. ಶಾಖದ ಪ್ರಮಾಣ ಪ್ರವಾಹದ ವರ್ಗ ಮತ್ತು ರೋಧಗಳ ಗುಣಲಬ್ಧ. ಮಳೆಯ ರಾತ್ರಿಯಲ್ಲಿ ದೀಪ, ವೈಪರ್, ಬ್ಲೋವರ್, ಇಗ್ನಿಷನ್ ಎಲ್ಲ ಸೇರಿ 25 ಆಂಪಿಯರ್ ಆಗುವುದು ಸಹಜ. ಅಷ್ಟೂ ಹಾದುಹೋಗುವ ಒಂದು ಕೂಡಿನಲ್ಲಿ 0.05 ಓಮ್ ರೋಧವಿದ್ದರೆ ಸುಮಾರು 31 ವಾಟ್ ಶಾಖ ಹುಟ್ಟುತ್ತದೆ. ರೇಡಿಯೋ ರಿಪೇರಿಯವರು ಸೀಸ ಕರಗಿಸುವ ಬೆಸುಗೆ ಕಡ್ಡಿಯ ಸಾಮರ್ಥ್ಯ ಸಾಮಾನ್ಯವಾಗಿ 25 ವಾಟ್! ಬಿಸಿಯಾದ ಕೂಡು ಇನ್ನಷ್ಟು ಉತ್ಕರ್ಷಣಗೊಳ್ಳುತ್ತದೆ, ಸ್ಪ್ರಿಂಗಿನಂತಿದ್ದ ಹಿಡಿತ ಸಡಿಲವಾಗುತ್ತದೆ, ರೋಧ ಇನ್ನೂ ಏರುತ್ತದೆ. ಹೀಗೆ ತಿಂಗಳುಗಟ್ಟಲೆ ನಿಧಾನವಾಗಿ ಬೆಳೆದ ದೋಷ ಒಂದು ಗುಂಡಿಯ ಕುಲುಕಾಟಕ್ಕೆ ಹೊರಬೀಳುತ್ತದೆ. ನಮಗೆ ಅದು 'ಹಠಾತ್' ಅನಿಸುತ್ತದೆ.

ಮೊದಲು ಲಕ್ಷಣಗಳನ್ನು ಓದಿ

ಸ್ಪ್ಯಾನರ್ ಹಿಡಿಯುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಏನೇನು ನಿಂತಿದೆ, ಏನೇನು ನಡೆಯುತ್ತಿದೆ?

ಎಲ್ಲವೂ ಒಟ್ಟಿಗೆ ನಿಂತಿದ್ದರೆ ದೋಷ ಎಲ್ಲರಿಗೂ ಸಮಾನವಾದ ದಾರಿಯಲ್ಲಿದೆ. ಬ್ಯಾಟರಿಯ ಎರಡು ಕ್ಲಾಂಪುಗಳು, ಅರ್ತ್ ತಂತಿ ಮತ್ತು ಮುಖ್ಯ ಫ್ಯೂಸು ಇವಿಷ್ಟೇ ಆ ದಾರಿ.

ಕೀ ತಿರುಗಿಸಿದಾಗ ನಡೆಯಬೇಕಾದವು ಮಾತ್ರ ನಿಂತು, ಹಾರ್ನು ಮತ್ತು ಪಾರ್ಕಿಂಗ್ ದೀಪದಂತೆ ಕೀ ಇಲ್ಲದೆಯೂ ನಡೆಯುವವು ಸರಿಯಿದ್ದರೆ ಕೀ ಸ್ವಿಚ್ಚಿನ ಕಡೆ ಅನುಮಾನಪಡಿ. ವರ್ಷಗಟ್ಟಲೆ ಭಾರೀ ಪ್ರವಾಹ ಹೊತ್ತು ಅದರ ತುದಿಗಳು ಸುಟ್ಟಿರಬಹುದು. ಕೀಯನ್ನು ತುಸು ಆಚೀಚೆ ಅಲ್ಲಾಡಿಸಿದಾಗ ದೀಪ ಬಂದು ಹೋದರೆ ಅನುಮಾನ ಬಲವಾಗುತ್ತದೆ.

ಸಂಬಂಧವಿಲ್ಲದಂತೆ ಕಾಣುವ ಎರಡು ಮೂರು ವಸ್ತುಗಳು ನಿಂತಿದ್ದರೆ, ಉದಾಹರಣೆಗೆ ವೈಪರ್ ಮತ್ತು ಇಂಡಿಕೇಟರ್, ಅವೆರಡೂ ಒಂದೇ ಫ್ಯೂಸಿನ ಕೆಳಗಿವೆಯೇ ಎಂದು ಫ್ಯೂಸ್ ಪೆಟ್ಟಿಗೆಯ ಮುಚ್ಚಳದಲ್ಲಿ ಅಥವಾ ಮಾಲೀಕರ ಕೈಪಿಡಿಯಲ್ಲಿ ನೋಡಿ. ಒಂದೇ ಒಂದು ವಸ್ತು ನಿಂತಿದ್ದರೆ ಮಾತ್ರ ಆ ವಸ್ತು, ಅದರ ಸ್ವಿಚ್ಚು ಮತ್ತು ಅದರದೇ ಅರ್ತ್ ಕಡೆಗೆ ಗಮನ ಕೊಡಿ.

ವಿಚಿತ್ರವಾಗಿ ವರ್ತಿಸುವ ದೀಪಗಳು ಹೆಚ್ಚಾಗಿ ಅರ್ತ್ ದೋಷದ ಸೂಚನೆ. ಬ್ರೇಕ್ ಒತ್ತಿದಾಗ ಬ್ರೇಕ್ ದೀಪ ಮಂಕಾಗಿ, ಅದರ ಜೊತೆ ನಂಬರ್ ಪ್ಲೇಟಿನ ದೀಪವೂ ಮಿಣಮಿಣ ಎನ್ನುತ್ತದೆಯೇ? ಹಿಂದಿನ ದೀಪದ ಬಲ್ಬಿನಲ್ಲಿ 21 ವಾಟಿನ ಬ್ರೇಕ್ ಫಿಲಮೆಂಟ್ ಮತ್ತು 5 ವಾಟಿನ ಪಾರ್ಕಿಂಗ್ ಫಿಲಮೆಂಟ್ ಎರಡಕ್ಕೂ ಅರ್ತ್ ಒಂದೇ. ಆ ಅರ್ತ್ ಕೆಟ್ಟರೆ ಬ್ರೇಕಿನ ಪ್ರವಾಹಕ್ಕೆ ನೇರ ದಾರಿ ಇಲ್ಲ. ಅದು ಪಾರ್ಕಿಂಗ್ ಫಿಲಮೆಂಟಿನ ಮೂಲಕ ಹಿಂದುಮುಂದಾಗಿ ಹರಿದು, ಪಾರ್ಕಿಂಗ್ ದೀಪಗಳ ತಂತಿ ಸೇರಿ, ಬೇರೆ ದೀಪಗಳನ್ನು ಹಾದು ಅವುಗಳ ಅರ್ತನ್ನು ಹುಡುಕಿಕೊಳ್ಳುತ್ತದೆ. ಬಲ್ಬು ಬದಲಿಸಿ ಫಲವಿಲ್ಲ. ಬಲ್ಬಿನ ಹಿಡಿಕೆಯಿಂದ ಮೈಗೆ ಹೋಗುವ ಕಪ್ಪು ತಂತಿಯ ಬೋಲ್ಟನ್ನು ಬಿಚ್ಚಿ, ಎಮರಿ ಕಾಗದದಿಂದ ಉಜ್ಜಿ ಬಿಗಿದರೆ ಸಾಕು.

ಎಂಜಿನ್ನಿನ ಅರ್ತ್ ಪಟ್ಟಿ ತುಂಡಾದಾಗಲೂ ಹೀಗೆಯೇ. ಸೆಲ್ಫ್‌ನ ಭಾರೀ ಪ್ರವಾಹ ಮೈಗೆ ಹಿಂದಿರುಗಲು ಎಂಜಿನ್ನಿಗೆ ತಗಲಿರುವ ಆಕ್ಸಿಲರೇಟರ್ ಕೇಬಲ್, ಕ್ಲಚ್ ಕೇಬಲುಗಳನ್ನು ಹಿಡಿಯುತ್ತದೆ. ಸೆಲ್ಫ್ ಹೊಡೆದ ಮೇಲೆ ಆ ಕೇಬಲ್ ಬಿಸಿಯಾಗಿದ್ದರೆ, ಹೊಗೆ ಬಂದರೆ, ಇನ್ನೊಮ್ಮೆ ಸೆಲ್ಫ್ ಹೊಡೆಯದೆ ಮೊದಲು ಅರ್ತ್ ಪಟ್ಟಿ ನೋಡಿ.

ಮಲ್ಟಿಮೀಟರ್ ಹೇಳುವ ಸುಳ್ಳು

'ತಂತಿಯ ತುದಿಯಲ್ಲಿ 12 ವೋಲ್ಟ್ ಬರುತ್ತಿದೆ, ಆದ್ದರಿಂದ ದಾರಿ ಸರಿಯಿದೆ' ಎಂಬ ತೀರ್ಮಾನಕ್ಕೆ ಅನುಭವಿಗಳೂ ಬರುವುದುಂಟು. ಇದು ಏಕೆ ತಪ್ಪು?

ಡಿಜಿಟಲ್ ಮಲ್ಟಿಮೀಟರಿನ ಒಳರೋಧ ಸಾಮಾನ್ಯವಾಗಿ 1 ಕೋಟಿ ಓಮ್‌ನಷ್ಟು. ಅದು ಎಳೆಯುವ ಪ್ರವಾಹ ಒಂದು ಆಂಪಿಯರಿನ ಹತ್ತು ಲಕ್ಷದಲ್ಲಿ ಒಂದೆರಡು ಭಾಗ. ದಾರಿಯಲ್ಲಿ 5 ಓಮ್ ರೋಧದ ಕೆಟ್ಟ ಕೂಡು ಇದ್ದರೂ ಅಷ್ಟು ಸಣ್ಣ ಪ್ರವಾಹಕ್ಕೆ ಅಲ್ಲಿ ಏನೂ ನಷ್ಟವಾಗದು. ಮೀಟರು ಪೂರ್ತಿ 12 ವೋಲ್ಟ್ ತೋರಿಸುತ್ತದೆ. ಆದರೆ ಉರಿಯುವ ಹೆಡ್‌ಲೈಟ್ ಬಲ್ಬಿನ ರೋಧ ಸುಮಾರು 2.6 ಓಮ್ ಮಾತ್ರ. ಅದನ್ನು ಅದೇ ದಾರಿಗೆ ಸೇರಿಸಿದರೆ ವೋಲ್ಟೇಜಿನ ಹೆಚ್ಚಿನ ಪಾಲು ಕೆಟ್ಟ ಕೂಡಿನಲ್ಲೇ ಉಳಿದು ಬಲ್ಬು ಕೆಂಪಗೆ ಮಿನುಗುತ್ತದೆ, ಅಷ್ಟೇ. ನಲ್ಲಿಯ ಪೈಪು ಬಹುತೇಕ ಕಟ್ಟಿಕೊಂಡಿದ್ದರೂ ನಲ್ಲಿ ಮುಚ್ಚಿರುವಾಗ ಒತ್ತಡ ಸರಿಯಾಗಿಯೇ ಇರುತ್ತದೆ. ನಲ್ಲಿ ತಿರುಗಿಸಿದಾಗ ಮಾತ್ರ ನಿಜ ತಿಳಿಯುತ್ತದೆ.

ಆದ್ದರಿಂದ ನಿಯಮ ಇಷ್ಟು: ಹೊರೆ ಹಾಕಿ ಅಳೆಯಿರಿ. ಅಂದರೆ ಕೆಟ್ಟಿರುವ ದೀಪವನ್ನೋ ಮೋಟಾರನ್ನೋ ಜೋಡಿಸಿಯೇ ಇಟ್ಟು, ಸ್ವಿಚ್ ಹಾಕಿ, ದಾರಿಯ ಪ್ರತಿ ತುಣುಕಿನ ಎರಡು ತುದಿಗಳ ನಡುವೆ ಎಷ್ಟು ವೋಲ್ಟ್ ನಷ್ಟವಾಗುತ್ತಿದೆ ಎಂದು ನೋಡಬೇಕು. ಒಳ್ಳೆಯ ಕೂಡಿನಲ್ಲಿ ನಷ್ಟ 0.1 ವೋಲ್ಟಿಗಿಂತ ಕಡಿಮೆ. ದೀಪದಂತಹ ಮಂಡಲದ ಇಡೀ ಧನ ಭಾಗದಲ್ಲಿ 0.5 ವೋಲ್ಟ್, ಅರ್ತ್ ಭಾಗದಲ್ಲಿ 0.2 ವೋಲ್ಟ್ ಮೀರದಿದ್ದರೆ ಒಳ್ಳೆಯದು. ಮೀಟರ್ ಇಲ್ಲದಿದ್ದರೆ ಎರಡು ತಂತಿ ಬೆಸೆದ 21 ವಾಟಿನ ಬಲ್ಬೊಂದು ಸಾಕು. ಅದು ತಾನೇ ಸುಮಾರು 1.75 ಆಂಪಿಯರ್ ಎಳೆಯುವುದರಿಂದ ದುರ್ಬಲ ದಾರಿಯಲ್ಲಿ ಮಂಕಾಗಿ ಉರಿದು ಗುಟ್ಟು ಬಿಟ್ಟುಕೊಡುತ್ತದೆ. (ಏರ್‌ಬ್ಯಾಗ್ ಇರುವ ಕಾರಾದರೆ ಸ್ಟಿಯರಿಂಗಿನ ಸುತ್ತಲಿನ ಹಳದಿ ಹೊದಿಕೆಯ ತಂತಿಗಳಿಗೆ ಬಲ್ಬನ್ನಾಗಲಿ ಮೀಟರನ್ನಾಗಲಿ ತಾಗಿಸಲೇಬಾರದು.)

ಘಾಟಿಯ ಕಾರಿಗೆ ಮರಳೋಣ

ಆಗುಂಬೆಯಲ್ಲಿ ನಿಂತ ಕಾರಿನ ಲಕ್ಷಣವನ್ನು ಈಗ ಓದಿ. ಎಲ್ಲವೂ ಒಟ್ಟಿಗೆ ನಿಂತಿತು, ಎಂಜಿನ್ ಸಹ. ಸ್ವಲ್ಪ ಹೊತ್ತು ತಣಿದ ಮೇಲೆ ಎಲ್ಲವೂ ಮರಳಿತು. ಆದ್ದರಿಂದ ಸಮಾನ ದಾರಿಯಲ್ಲಿ, ಬಿಸಿಗೆ ಮತ್ತು ಕುಲುಕಿಗೆ ಸ್ಪಂದಿಸುವ ಕೂಡೊಂದು ಇದೆ. ನಿಮ್ಮ ಅದೃಷ್ಟಕ್ಕೆ ಮೂರನೆಯ ಸಲ ಕಾರು ಮನೆಯ ಅಂಗಳದಲ್ಲೇ ಕೈಕೊಟ್ಟಿತು ಎನ್ನೋಣ. ದೋಷ ಇರುವಾಗಲೇ ಅಳೆಯುವುದು ಮುಖ್ಯ. ಅಲ್ಲಾಡಿಸಬೇಡಿ, ಬಿಚ್ಚಬೇಡಿ. ಮೀಟರನ್ನು ಡಿ.ಸಿ. 20 ವೋಲ್ಟ್ ವ್ಯಾಪ್ತಿಗಿಟ್ಟು ಹೆಡ್‌ಲೈಟ್ ಸ್ವಿಚ್ ಹಾಕಿ. ದೀಪ ಉರಿಯುವುದಿಲ್ಲ. ಇರಲಿ.

ಮೊದಲು ಬ್ಯಾಟರಿಯ ಸೀಸದ ಗೂಟಗಳ ಮೇಲೇ ಎರಡು ಮೊನೆಗಳನ್ನಿಡಿ. ಮೀಟರ್ 12.3 ವೋಲ್ಟ್ ತೋರಿಸುತ್ತದೆ. ಬ್ಯಾಟರಿ ನಿರಪರಾಧಿ.

ಎರಡನೆಯದಾಗಿ ಒಂದು ಮೊನೆ ಋಣಾಗ್ರದ ಗೂಟಕ್ಕೆ, ಇನ್ನೊಂದು ಕಾರಿನ ಮೈಯ ಬಣ್ಣವಿಲ್ಲದ ಲೋಹಕ್ಕೆ. 0.05 ವೋಲ್ಟ್. ಅರ್ತ್ ಕೂಡ ಸರಿ.

ಮೂರನೆಯದಾಗಿ ಒಂದು ಮೊನೆ ಧನಾಗ್ರದ ಗೂಟಕ್ಕೆ, ಇನ್ನೊಂದು ಮುಖ್ಯ ಫ್ಯೂಸನ್ನು ದಾಟಿದ ತಂತಿಗೆ. 11 ವೋಲ್ಟ್! ದೀಪಕ್ಕೆ ಸಿಗಬೇಕಾದ ವೋಲ್ಟೇಜಿನ ಬಹುಪಾಲು ಒಂದು ಗೇಣು ದೂರದಲ್ಲೇ ಕಳೆದುಹೋಗುತ್ತಿದೆ. ಹೆಡ್‌ಲೈಟ್ ಸ್ವಿಚ್ ಆರಿಸಿ ನೋಡಿದರೆ ಇದೇ ಜಾಗದಲ್ಲಿ ನಷ್ಟ ಸೊನ್ನೆಯ ಸಮೀಪ. ಗ್ಯಾರೇಜಿನಲ್ಲಿ ಹೊರೆಯಿಲ್ಲದೆ ಅಳೆದಿದ್ದರೆ ದೋಷ ಕಾಣದೆ ಹೋದದ್ದು ಇದೇ ಕಾರಣಕ್ಕೆ.

ಈಗ ಆ ಗೇಣು ದೂರವನ್ನು ತುಣುಕು ಮಾಡಿ. ಗೂಟದಿಂದ ಕ್ಲಾಂಪಿಗೆ 0.02, ಕ್ಲಾಂಪಿನಿಂದ ಫ್ಯೂಸಿನ ಒಳತುದಿಗೆ 0.03, ಫ್ಯೂಸಿನ ಆಚೀಚೆ 0.05, ಫ್ಯೂಸಿನ ಹೊರತುದಿಯಿಂದ ತಂತಿಗೆ 10.9 ವೋಲ್ಟ್. ಎಲ್ಲ ಕೂಡಿಸಿದರೆ ಸರಿಯಾಗಿ 11. ಕಳ್ಳ ಸಿಕ್ಕಿದ. ಬ್ಯಾಟರಿಯ ಋಣಾಗ್ರ ಬಿಚ್ಚಿ, ಫ್ಯೂಸಿನ ಮುಚ್ಚಳ ತೆಗೆದರೆ ಪ್ಲಾಸ್ಟಿಕ್ ಕಂದಿರುವುದು, ಲಗ್ ತಂತಿಯನ್ನು ಅಪ್ಪಿದ ಜಾಗದಲ್ಲಿ ಹಸಿರು ಕಿಲುಬು ಕಟ್ಟಿರುವುದು ಕಾಣುತ್ತದೆ. ತಂತಿಯನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಹೊಸ ಲಗ್ಗನ್ನು ಸರಿಯಾದ ಇಕ್ಕಳದಿಂದ ಒತ್ತಿ ಕೂರಿಸಿ, ಕಂದಿದ ಫ್ಯೂಸ್ ಹಿಡಿಕೆಯನ್ನು ಬದಲಿಸಿದರೆ ಕೆಲಸ ಮುಗಿಯಿತು. ಮುಗಿದ ಮೇಲೆ ಎಲ್ಲ ಹೊರೆ ಹಾಕಿ ಅದೇ ಜಾಗವನ್ನು ಮತ್ತೆ ಅಳೆಯಿರಿ. ನಷ್ಟ 0.1 ವೋಲ್ಟಿನೊಳಗೆ ಬಂದಿದ್ದರೆ ಮಾತ್ರ ರಿಪೇರಿ ಆಯಿತೆಂದು ಅರ್ಥ.

ಕಾರು ಸರಿಯಿರುವ ದಿನ ಪರೀಕ್ಷಿಸಬೇಕಾಗಿ ಬಂದರೆ? ಆಗಲೂ ಸುಳಿವು ಇರುತ್ತದೆ. ಎಲ್ಲ ದೀಪ, ಬ್ಲೋವರ್ ಹಾಕಿ ಇದೇ ಕ್ರಮದಲ್ಲಿ ಅಳೆದರೆ, ಒಂದಂಕಿಯೂ ಮೀರಬಾರದ ಜಾಗದಲ್ಲಿ 0.7, 0.8 ವೋಲ್ಟ್ ಕಾಣುತ್ತದೆ. ಮೀಟರ್ ನೋಡುತ್ತ ತಂತಿಗಳನ್ನು ಒಂದೊಂದಾಗಿ ಮೆಲ್ಲಗೆ ಅಲುಗಿಸಿ. ಅಂಕಿ ಕುಣಿದಲ್ಲಿ ದೋಷವಿದೆ.

ಬಿಸಿಯಾದಾಗ ನಿಲ್ಲುವ ಎಂಜಿನ್

ದೀಪಗಳೆಲ್ಲ ಸರಿಯಿದ್ದು ಎಂಜಿನ್ ಮಾತ್ರ ಅರ್ಧ ಗಂಟೆ ಓಡಿದ ಮೇಲೆ ನಿಂತು, ತಣಿದ ಬಳಿಕ ಮತ್ತೆ ಚಾಲೂ ಆಗುತ್ತಿದ್ದರೆ ಅದು ಬೇರೆ ಬಗೆ. ಕಾರ್ಬ್ಯುರೆಟರ್ ಇರುವ ಹಳೆಯ ಕಾರಿನಲ್ಲಿ ಇಗ್ನಿಷನ್ ಕಾಯಿಲ್ ಅಥವಾ ಡಿಸ್ಟ್ರಿಬ್ಯೂಟರಿನೊಳಗಿನ ಇಲೆಕ್ಟ್ರಾನಿಕ್ ಭಾಗ ಬಿಸಿಗೆ ಸೋಲುತ್ತಿರಬಹುದು. ಕಾಯಿಲಿನ ಸುರುಳಿಯಲ್ಲಿ ಕೂದಲೆಳೆಯ ಬಿರುಕಿದ್ದರೆ ಬಿಸಿಗೆ ಹಿಗ್ಗಿ ಅದು ಬಾಯಿಬಿಡುತ್ತದೆ, ತಣಿದಾಗ ಕೂಡಿಕೊಳ್ಳುತ್ತದೆ. ಇಂಧನವನ್ನು ಚಿಮುಕಿಸುವ ನಂತರದ ಮಾದರಿಗಳಲ್ಲಿ ಎಂಜಿನ್ನಿನ ಸುತ್ತುಗಳನ್ನು ಎಣಿಸುವ ಸಂವೇದಕ, ಪೆಟ್ರೋಲ್ ಪಂಪು ಮತ್ತು ಅದರ ರಿಲೇ ಇದೇ ರೀತಿ ವರ್ತಿಸುತ್ತವೆ.

ಇಲ್ಲಿಯೂ ಕ್ರಮ ಒಂದೇ. ಭಾಗವನ್ನು ದೂಷಿಸುವ ಮುನ್ನ, ಎಂಜಿನ್ ನಿಂತಿರುವಾಗಲೇ, ಕೀ ಹಾಕಿ, ಆ ಭಾಗಕ್ಕೆ ವಿದ್ಯುತ್ ತಲುಪುತ್ತಿದೆಯೇ ಮತ್ತು ಅದರ ಅರ್ತ್ ಸರಿಯಿದೆಯೇ ಎಂದು ಬಲ್ಬಿನಿಂದ ನೋಡಿ. ದಾರಿ ಎರಡೂ ಕಡೆ ಸರಿಯಿದ್ದು ಭಾಗ ಕೆಲಸ ಮಾಡದಿದ್ದರೆ ಮಾತ್ರ ಬದಲಿಸಲು ಹಣ ಖರ್ಚು ಮಾಡಿ. ರಿಲೇಯ ಪರೀಕ್ಷೆ ಇನ್ನೂ ಸುಲಭ: ಪಕ್ಕದಲ್ಲಿ ಅದೇ ಬಗೆಯ ಇನ್ನೊಂದಿದ್ದರೆ ಅದಲು ಬದಲು ಮಾಡಿ ನೋಡಿ.

ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿ

ಸಂಜೆ ಸರಿಯಾಗಿದ್ದ ಕಾರು ಎರಡು ದಿನ ನಿಲ್ಲಿಸಿದರೆ ಚಾಲೂ ಆಗದಿದ್ದರೆ ಎಲ್ಲೋ ಸೋರಿಕೆ ಇದೆ. ಡಿಕ್ಕಿಯ 5 ವಾಟಿನ ದೀಪ ಆರದೆ ಉಳಿದರೆ 0.4 ಆಂಪಿಯರ್ ಹರಿಯುತ್ತದೆ. 35 ಆಂಪಿಯರ್-ಗಂಟೆಯ ಬ್ಯಾಟರಿ ಹೊಸದಾಗಿದ್ದರೂ ಮೂರೂವರೆ ದಿನದಲ್ಲಿ ಬರಿದು. ಹಳೆಯದಾದರೆ ಒಂದೇ ದಿನಕ್ಕೆ ಸೆಲ್ಫ್ ತಿರುಗಿಸುವ ಶಕ್ತಿ ಕಳೆದುಕೊಳ್ಳಬಹುದು.

ಕೀ ತೆಗೆದು, ಬಾಗಿಲು ಮುಚ್ಚಿ, ಋಣಾಗ್ರದ ಕ್ಲಾಂಪ್ ಬಿಚ್ಚಿ. ಗೂಟಕ್ಕೂ ಕ್ಲಾಂಪಿಗೂ ನಡುವೆ ಮೀಟರನ್ನು 10 ಆಂಪಿಯರ್ ವ್ಯಾಪ್ತಿಯಲ್ಲಿ ಸರಣಿಯಾಗಿ ಜೋಡಿಸಿ. ಹಳೆಯ ಕಾರಿನಲ್ಲಿ 0.05 ಆಂಪಿಯರಿಗಿಂತ ಹೆಚ್ಚು ಇರಬಾರದು. ಇದ್ದರೆ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡಿ. ಯಾವುದನ್ನು ಕಿತ್ತಾಗ ಅಂಕಿ ಇಳಿಯುತ್ತದೋ ಅದರ ಕೆಳಗೆ ಸೋರಿಕೆಯಿದೆ. ಯಾವುದನ್ನು ಕಿತ್ತರೂ ಇಳಿಯದಿದ್ದರೆ ಆಲ್ಟರ್ನೇಟರಿನ ಡಯೋಡ್ ಕೆಟ್ಟಿರಬಹುದು. ಮೀಟರನ್ನು ಹೀಗೆ ಜೋಡಿಸಿರುವಾಗ ಸೆಲ್ಫ್ ಹೊಡೆಯಲೇಬಾರದು. ಆಂಪಿಯರ್ ವ್ಯಾಪ್ತಿಯಲ್ಲಿರುವ ಮೀಟರನ್ನು ಬ್ಯಾಟರಿಯ ಎರಡು ಗೂಟಗಳಿಗೆ ಅಡ್ಡ ಇಡಲೇಬಾರದು.

ಮಾಡಬಾರದ ಕೆಲಸಗಳು

ಪದೇ ಪದೇ ಹೋಗುವ ಫ್ಯೂಸಿನ ಜಾಗಕ್ಕೆ ದಪ್ಪ ತಂತಿಯನ್ನೋ ಸಿಗರೇಟ್ ಪೊಟ್ಟಣದ ಹಾಳೆಯನ್ನೋ ತುರುಕುವವರಿದ್ದಾರೆ. ಇದು ಅತ್ಯಂತ ಅಪಾಯಕರ. ತಂತಿ ಎಷ್ಟು ಪ್ರವಾಹ ತಾಳಬಲ್ಲದು ಎಂಬ ಲೆಕ್ಕದಿಂದಲೇ ಫ್ಯೂಸ್ ಆರಿಸಿರುತ್ತಾರೆ. ಬ್ಲೇಡ್ ಫ್ಯೂಸುಗಳಲ್ಲಿ 10 ಆಂಪಿಯರ್ ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಶಾರ್ಟ್ ಆದಾಗ ಬ್ಯಾಟರಿ ನೂರಾರು ಆಂಪಿಯರ್ ಕೊಡಬಲ್ಲದು. ಫ್ಯೂಸ್ ಕರಗದಿದ್ದರೆ ತಂತಿಯೇ ಕೆಂಪಗಾಗಿ, ಹೊದಿಕೆ ಕರಗಿ, ಪಕ್ಕದ ತಂತಿಗಳನ್ನೂ ಸೇರಿಸಿಕೊಂಡು ಹೊತ್ತಿಕೊಳ್ಳುತ್ತದೆ. ಬಾನೆಟ್ಟಿನ ಕೆಳಗೆ ಪೆಟ್ರೋಲಿನ ಪೈಪೂ ಇದೆ ಎಂಬುದನ್ನು ಮರೆಯಬೇಡಿ. ಫ್ಯೂಸ್ ಹೋಯಿತೆಂದರೆ ಅದು ತನ್ನ ಕೆಲಸ ಮಾಡಿದೆ. ಅದೇ ಅಳತೆಯದನ್ನು ಒಮ್ಮೆ ಹಾಕಿ ನೋಡಿ. ಮತ್ತೆ ಹೋದರೆ ಶಾರ್ಟ್ ಎಲ್ಲಿದೆ ಎಂದು ಹುಡುಕಿ.

ಡೈನಮೊ ಪರೀಕ್ಷಿಸಲೆಂದು ಎಂಜಿನ್ ಓಡುತ್ತಿರುವಾಗ ಬ್ಯಾಟರಿ ತಂತಿ ಬಿಚ್ಚುವ ಹಳೆಯ ಪದ್ಧತಿಯೂ ಬೇಡ. ಬ್ಯಾಟರಿಯ ಆಸರೆ ತಪ್ಪಿದ ಕ್ಷಣ ವೋಲ್ಟೇಜ್ ಥಟ್ಟನೆ ಮೇಲೇರಿ ಆಲ್ಟರ್ನೇಟರಿನ ಡಯೋಡುಗಳೂ ಇತರ ಇಲೆಕ್ಟ್ರಾನಿಕ್ ಭಾಗಗಳೂ ಸುಡಬಹುದು. ಮೀಟರಿನಲ್ಲಿ 14 ವೋಲ್ಟ್ ನೋಡಿದರೆ ಅದೇ ಪರೀಕ್ಷೆ.

ಬ್ಯಾಟರಿ ಬಿಚ್ಚುವಾಗ ಮೊದಲು ಋಣಾಗ್ರ, ಜೋಡಿಸುವಾಗ ಕೊನೆಗೆ ಋಣಾಗ್ರ. ಏಕೆಂದರೆ ಧನಾಗ್ರ ಬಿಚ್ಚುವಾಗ ಸ್ಪ್ಯಾನರ್ ತಪ್ಪಿ ಕಾರಿನ ಮೈಗೆ ತಾಗಿದರೂ, ಋಣಾಗ್ರ ಆಗಲೇ ಬಿಚ್ಚಿದ್ದರೆ ಮಂಡಲ ಪೂರ್ಣವಾಗುವುದಿಲ್ಲ. ಉಂಗುರ, ಗಡಿಯಾರ ತೆಗೆದಿಡಿ. ಚಾರ್ಜ್ ಆಗುವ ಬ್ಯಾಟರಿ ಹೈಡ್ರೊಜನ್ ಅನಿಲ ಬಿಡುವುದರಿಂದ ಹತ್ತಿರ ಬೆಂಕಿ ಕಡ್ಡಿ ಬೇಡ. ಗೂಟಗಳ ಮೇಲಿನ ಬಿಳಿ, ನೀಲಿ ಹೊಪ್ಪಳೆಯನ್ನು ಅಡುಗೆ ಸೋಡಾ ಕದಡಿದ ನೀರಿನಿಂದ ತೊಳೆಯಿರಿ, ಆ ನೀರು ಬ್ಯಾಟರಿಯ ಒಳಗೆ ಹೋಗದಿರಲಿ. ಒಣಗಿದ ಮೇಲೆ ಬಿಗಿದು ತೆಳುವಾಗಿ ವ್ಯಾಸಲೀನ್ ಸವರಿ.

ದಾರಿಯಲ್ಲಿ ಕೈಕೊಟ್ಟರೆ

ಓಡುತ್ತಿರುವ ಕಾರಿನಲ್ಲಿ ಎಲ್ಲ ಆರಿದಾಗ ಕೀಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ತೆಗೆಯಬೇಡಿ, ಸ್ಟಿಯರಿಂಗ್ ಬೀಗ ಬೀಳಬಹುದು. ಇಳಿಜಾರಿನಲ್ಲಿ ಗೇರಿನಲ್ಲೇ ಇರಿ, ಎಂಜಿನ್ನಿನ ಹಿಡಿತ ವೇಗ ತಗ್ಗಿಸುತ್ತದೆ. ಬ್ರೇಕ್ ಬೂಸ್ಟರ್ ಇರುವ ಕಾರುಗಳಲ್ಲಿ ನಿರ್ವಾತ ಉಳಿದಿರುವುದು ಕೆಲವೇ ಒತ್ತಡಗಳಿಗೆ. ಆದ್ದರಿಂದ ಬ್ರೇಕನ್ನು ಪದೇ ಪದೇ ಒತ್ತದೆ ಒಂದೇ ಸಮನೆ ಒತ್ತಿ ಬದಿಗೆ ನಿಲ್ಲಿಸಿ. ಕೈಬ್ರೇಕ್ ಎಳೆದು, ಎಚ್ಚರಿಕೆಯ ತ್ರಿಕೋನವನ್ನು ಹಿಂದೆ ದೂರದಲ್ಲಿಟ್ಟು, ಎಲ್ಲರನ್ನೂ ರಸ್ತೆಯಿಂದಾಚೆ ನಿಲ್ಲಿಸಿ. ಸುಟ್ಟ ವಾಸನೆಯಿದ್ದರೆ ಬೇರೇನೂ ಮಾಡದೆ ಮೊದಲು ಋಣಾಗ್ರದ ಕ್ಲಾಂಪ್ ಬಿಚ್ಚಿ. ಹೊಗೆಯೋ ಉರಿಯೋ ಕಂಡರೆ ಬಾನೆಟ್ ತೆರೆಯಲು ಹೋಗದೆ ದೂರ ಸರಿಯಿರಿ. ವಾಸನೆಯಿಲ್ಲದಿದ್ದರೆ ಟಾರ್ಚಿನ ಬೆಳಕಿನಲ್ಲಿ ಎರಡು ಕ್ಲಾಂಪು, ಅರ್ತ್ ಬೋಲ್ಟು, ಮುಖ್ಯ ಫ್ಯೂಸು ಈ ನಾಲ್ಕನ್ನು ನೋಡಿ. ಸಡಿಲವಾದುದು ಸಿಕ್ಕರೆ ಬಿಗಿಯಿರಿ. ಊರು ಸೇರುವವರೆಗೆ ಬ್ಲೋವರಿನಂತಹ ಹೊರೆಗಳನ್ನು ಆರಿಸಿಡಿ.

ಒಂದು ಟಾರ್ಚು, ಹತ್ತು ಮತ್ತು ಹನ್ನೆರಡರ ಸ್ಪ್ಯಾನರ್, ಎಮರಿ ಕಾಗದದ ತುಂಡು, ಸರಿಯಾದ ಅಳತೆಯ ನಾಲ್ಕಾರು ಫ್ಯೂಸು, ತಂತಿ ಬೆಸೆದ ಬಲ್ಬು. ಕಾರಿನ ಡಿಕ್ಕಿಯಲ್ಲಿ ಇವಿಷ್ಟು ಇರಲಿ. ಮಳೆಗಾಲಕ್ಕೆ ಮುನ್ನ ಒಂದು ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು, ಎಲ್ಲ ದೀಪ ಹಾಕಿ, ಬ್ಯಾಟರಿಯಿಂದ ಮುಖ್ಯ ಫ್ಯೂಸಿನವರೆಗೂ ಮೈಯವರೆಗೂ ನಷ್ಟ ಅಳೆದು ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ವರ್ಷ ಅದೇ ಜಾಗದಲ್ಲಿ ಅಂಕಿ ಏರಿದ್ದರೆ, ಘಾಟಿಯಲ್ಲಿ ಕತ್ತಲಾಗುವ ಮುನ್ನ, ಅಂಗಳದ ಬೆಳಕಿನಲ್ಲೇ ಅದನ್ನು ಸರಿಪಡಿಸಬಹುದು.